ತಾಯಿಯ ಅಳತೆ

ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ ಮಗಳಿಗೆ ಎಡಗಡೆ ಎದೆ ಬಿಗಿದಂತಾಯಿತು. "ಅಮ್ಮಾ, ಈ ಕಡೆ ಹಿಡೀತಾ ಇದೆ. ಬಲಗಡೆ ಸರಿ ಇದೆ, ಎಡಗಡೆ ಹಲಗೆ ಥರ ಚಪ್ಪಟೆ. ದರ್ಜಿಯಮ್ಮನಿಗೆ ಕಣ್ಣು ಮಂಜಾಯ್ತಾ?" ಎಂದು ತಾಯಿಯನ್ನು ಛೇಡಿಸಿ ನಕ್ಕಳು.

ದರ್ಜಿಯಮ್ಮ ಹೊಲಿಗೆಯಂತ್ರ ಬಿಟ್ಟು ಎದ್ದು ಬಂದಳು. ಬೀದಿಯ ಹೆಂಗಸರಿಗೆಲ್ಲ ಅಳತೆ ತೆಗೆದ ಅವಳು ಮಗಳಿಗೆ ಮಾತ್ರ ಎಂದೂ ಟೇಪು ಹಿಡಿದವಳಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಜಂಬದಿಂದ ಹೇಳಿ, ತನ್ನದೇ ಅಳತೆಗೆ ಕತ್ತರಿಸಿಟ್ಟ ಕಾಗದದ ಮಾದರಿ ಇಟ್ಟು ಮಗಳ ಬಟ್ಟೆ ಕತ್ತರಿಸುತ್ತಿದ್ದಳು. ಆ ಕಾಗದ ಈಗಲೂ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದರ ಪಕ್ಕದಲ್ಲೇ ಇನ್ನೊಂದಿತ್ತು, ಎದೆಯ ಆಪರೇಷನ್ ಆದ ಮೇಲೆ ತನಗಾಗಿ ಮಾಡಿಕೊಂಡದ್ದು. ಅದರ ಎಡಗಡೆ ಎದೆಗೆಂದು ಜಾಗ ಬಿಟ್ಟಿರಲಿಲ್ಲ.

ದರ್ಜಿಯಮ್ಮನಿಗೆ ಆಗ ನೆನಪಾಯಿತು. ನಿನ್ನೆ ಮಧ್ಯಾಹ್ನ ಕಿಟಕಿಯ ಬಿಸಿಲು ಬಟ್ಟೆಯ ಮೇಲೆ ಹರಡಿ ಕಣ್ಣಿಗೆ ಜೊಂಪು ಹತ್ತಿತ್ತು. ತೂಗುಹಾಕಿದ್ದ ಅಂಗಿಗಳೆಲ್ಲ ಮೆಲ್ಲಗೆ ಅಲುಗಾಡಿ, ಅವುಗಳ ನಡುವಿನಿಂದ ಅವಳಮ್ಮ ಬಂದಳು. ಹಿಂದೆಯೇ ಅಜ್ಜಿ. ಇಬ್ಬರೂ ಎದೆಯ ಕ್ಯಾನ್ಸರಿನಲ್ಲೇ ಹೋದವರು. ಅಳತೆ ಕೊಡಲು ಸಾಲಾಗಿ ನಿಂತರು. ಸಾಲಿನ ಕೊನೆಯಲ್ಲಿ ಮಗಳೂ ನಗುತ್ತಾ ನಿಂತಿದ್ದಳು. ನೀನ್ಯಾಕೆ ಬಂದೆ, ಹೋಗಾಚೆ ಎಂದು ಗದರುವಷ್ಟರಲ್ಲಿ ಎಚ್ಚರವಾಗಿತ್ತು. ಕೈಯಲ್ಲಿದ್ದ ಕತ್ತರಿ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು.

"ನನ್ನ ಈಗಿನ ಅಳತೆಗೆ ಕತ್ತರಿಸಿಬಿಟ್ಟಿದ್ದೀನಿ ಕಣೇ," ಎಂದಳು. ಬಾಗಿಲ ಹಿಂದಿನ ಎರಡನೇ ಕಾಗದದ ಕಡೆ ಕೈ ತೋರಿಸಿದಳು.

ಮಗಳ ನಗು ನಿಂತಿತು. ತಾಯಿಯ ಕಾಯಿಲೆ ವಂಶದಲ್ಲಿ ಇಳಿದು ಬಂದ ಜೀನಿನ ದೋಷದಿಂದ ಎಂದು ಡಾಕ್ಟರು ಹೇಳಿ, ಮಗಳೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದಿದ್ದರು. ಅಂದಿನಿಂದ ಅವಳು ಇವತ್ತು, ನಾಳೆ ಎಂದು ತಳ್ಳುತ್ತಲೇ ಇದ್ದಳು.

"ಅಂದ್ರೆ ನಂಗೂ ಬಂದಿದೆ ಅಂತ ನೀನೂ ತೀರ್ಮಾನ ಮಾಡ್ಬಿಟ್ಟಿದ್ದೀಯ," ಎಂದಳು ಮೆಲ್ಲಗೆ. "ನಂಗೂ ಹಾಗೇ ಅನ್ಸುತ್ತಮ್ಮ. ಅದಕ್ಕೇ ಟೆಸ್ಟಿಗೆ ಹೋಗಿಲ್ಲ. ನೂಲಿನಂತೆ ಸೀರೆ ಅಂತ ನೀನೇ ಹೇಳ್ತಿದ್ದೆಯಲ್ಲ."

"ಅದು ಅಳತೆ ತೆಗೆಯೋ ಸೋಮಾರಿತನಕ್ಕೆ ಹೇಳಿದ್ದು, ತಾಯಿ," ಎಂದು ದರ್ಜಿಯಮ್ಮ ಕಣ್ಣೊರೆಸಿಕೊಂಡಳು. "ಆ ದೋಷ ನಿಂಗೆ ಬಂದಿರೋ ಸಾಧ್ಯತೆ ಎಷ್ಟೋ, ಬರದೇ ಇರೋದೂ ಅಷ್ಟೇ ಅಂದ್ರು ಡಾಕ್ಟ್ರು. ಬಂದಿದ್ರೂ ಕಾಯಿಲೆ ಆಗೇ ಆಗುತ್ತೆ ಅಂತಲ್ಲ, ಮೊದಲಿಂದ್ಲೇ ಕಣ್ಣಿಟ್ಟಿರಬಹುದು. ನಿಮ್ಮಜ್ಜಿಗೆ ಹಾಗಂತ ಹೇಳೋರೇ ಇರಲಿಲ್ಲ. ಬಾ, ಅದನ್ನ ಬಿಚ್ಚಿಹಾಕು. ನೆಟ್ಟಗೆ ನಿಲ್ಲು."

ಕೊರಳಲ್ಲಿದ್ದ ಟೇಪು ತೆಗೆದು ಮಗಳ ಬೆನ್ನಿನ ಮೇಲೆ ಹಿಡಿದಳು. ಈ ಭುಜದಿಂದ ಆ ಭುಜಕ್ಕೆ ಎಳೆದು ನೋಡಿ, ನಂಬಿಕೆ ಬಾರದೆ ಮತ್ತೊಮ್ಮೆ ಎಳೆದಳು.

"ಇದು ನನ್ನ ಅಳತೆ ಅಲ್ವೇ ಅಲ್ಲ. ನಿಮ್ಮಪ್ಪನ ಭುಜ."

"ನೀನು ಹೊಲಿದಿದ್ದೆಲ್ಲ ಅಲ್ಲಿ ಹಿಡೀತಾನೇ ಇತ್ತಮ್ಮ," ಎಂದಳು ಮಗಳು, ನಿಂತಲ್ಲಿಂದ ಕದಲದೆ. "ನಿನ್ನ ಥರಾನೇ ಇದ್ದೀನಿ ಅಂತ ನೀನು ಖುಷಿಪಡ್ತಿದ್ದೆ, ಅದಕ್ಕೇ ಹೇಳ್ಲಿಲ್ಲ." ಕನ್ನಡಿಯಲ್ಲಿ ತನ್ನ ಭುಜಗಳನ್ನು ನೋಡಿಕೊಂಡಳು. "ನಾಳೆ ಆಸ್ಪತ್ರೆಗೆ ನೀನೂ ಬಾ. ರಕ್ತಾನೂ ಅಂದಾಜಲ್ಲಿ ಬೇಡ, ಅಳೆದೇ ನೋಡ್ಲಿ."