ಫ್ಲೆಕ್ಸ್ ಬರೆಯುವವಳ ಬಯೋಡೇಟಾ

ಕೆಂಡದ ಮೇಲೆ ಬಾಳೆಲೆ ಬಾಡುವ ವಾಸನೆ ಜೋವೆಲಿನ್‌ಗೆ ಚಿಕ್ಕಂದಿನದು. ಅಮ್ಮ ಹಾಗೆ ಎಲೆ ಬಾಡಿಸಿ, ಮೀನಿಗೆ ಹೋಗುವ ಅಪ್ಪನಿಗೆ ಅನ್ನ ಕಟ್ಟಿಕೊಡುತ್ತಿದ್ದಳು. ಈಗ ಅದೇ ವಾಸನೆ ಹಿರಿಯಳೆಂದು ಅವಳು ‘ಮನಾಂಗ್’ ಎಂದು ಕರೆಯುವ ಪಕ್ಕದ ಪೂರಿಂಗಳ ಊಟದಂಗಡಿಯಿಂದ ಕಿಟಕಿಯೊಳಗೆ ನುಗ್ಗುತ್ತಿತ್ತು. ಆದರೂ ಜೋವೆಲಿನ್ ತಲೆಯೆತ್ತಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವಳ ಬಯೋಡೇಟಾ ಎರಡನೆಯ ಸಾಲಿಗೇ ಮುಷ್ಕರ ಹೂಡಿತ್ತು.

ಗಿಮಾರಾಸ್ ದ್ವೀಪಕ್ಕೆ ದೋಣಿ ಓಡಿಸುವ ಕಂಪನಿಗೆ ವರ್ಷವಿಡೀ ಬೋರ್ಡು, ಫ್ಲೆಕ್ಸು ಮಾಡಿಕೊಡುವವರು ಬೇಕಾಗಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಇಗರ್ಜಿಯ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಬಯೋಡೇಟಾ ತಲುಪಬೇಕು. ಈ ಕೆಲಸ ಸಿಗದಿದ್ದರೆ ತನ್ನೂರು ಇಲೊಯಿಲೊ ಬಿಟ್ಟು ಮನಿಲಾದ ಅಕ್ಕನ ಮನೆ ಸೇರಿ, ಬಟ್ಟೆ ಅಂಗಡಿಯಲ್ಲಿ ನಿಲ್ಲಬೇಕು. ಅಕ್ಕ ಅಂಚೆಯಲ್ಲಿ ಕಳಿಸಿದ್ದ ಹಡಗಿನ ಟಿಕೇಟು ಮೇಜಿನ ಮೇಲೇ ಇತ್ತು.

ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ ಪೂರಿಂಗ್ ಬಗ್ಗಿ, ಜೋರಾಗಿಯೇ ಓದಿದಳು. "‘ಫ್ಲೆಕ್ಸ್ ಬರೆಯಲು ಸ್ವಲ್ಪ ಬರುತ್ತದೆ. ತಪ್ಪಿದ್ದರೆ ಕ್ಷಮಿಸಿ.’ ಇದೇನೇ ಇಂದಾಯ್, ನನ್ನ ಮುದ್ದು ಹುಡುಗಿ, ಕೆಲಸ ಕೇಳ್ತಿದ್ದೀಯೋ, ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡ್ತಿದ್ದೀಯೋ?"

"ನಾನು ಯಾವ ಆಫೀಸಲ್ಲಿ ಕೂತಿದ್ದೆ ಮನಾಂಗ್, ಬರ್ಕೊಳ್ಳೋದಕ್ಕೆ? ನನ್ನನ್ನ ನಾನೇ ಹೊಗಳ್ಕೋಬೇಕಾ? ನಾಚಿಕೆ ಆಗುತ್ತೆ."

"ನನ್ನ ಮಗನ್ನ ಹೊಗಳೋವಾಗ ಎಲ್ಲಿ ಹೋಗಿತ್ತು ನಾಚಿಕೆ?" ಪೂರಿಂಗ್ ಕಿಟಕಿಯಾಚೆ ಕೈ ತೋರಿದಳು. ಬೀದಿಯ ತುದಿಯ ಫ್ಲೆಕ್ಸಿನಲ್ಲಿ ಅವಳ ಮಗ ರೆನಾಂತೆ ಮೊರದಗಲದ ಮುಖ ಹೊತ್ತು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ. ಮೂರನೆಯ ಸಲಕ್ಕೆ ಹಡಗಿನ ಪರೀಕ್ಷೆ ಪಾಸು ಮಾಡಿದ ಹುಡುಗ. ತಲೆಯ ಮೇಲೆ ದಪ್ಪಕ್ಷರ: ‘ಸಮುದ್ರವೇ, ದಾರಿ ಬಿಡು!’ ಆ ಬೀದಿಯಲ್ಲಿ ಯಾರು ಏನೇ ಪಾಸಾದರೂ ಫ್ಲೆಕ್ಸ್ ಏಳಲೇಬೇಕು. ಅಷ್ಟೂ ಜೋವೆಲಿನ್ ಬರೆದದ್ದೇ.

"ಅದು ಆರ್ಡರು ಮನಾಂಗ್. ಆರ್ಡರಿಗೇನು ನಾಚಿಕೆ?"

ಪೂರಿಂಗ್ ಸ್ಟೂಲು ಎಳೆದು ಕೂತಳು. "ಹಾಗಾದ್ರೆ ತಗೋ ಆರ್ಡರು. ನಮ್ಮ ಬೀದೀಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೊಂದು ಬರಿ. ಹೆಸರು ಕೊನೇಲಿ ಹೇಳ್ತೀನಿ."

ಜೋವೆಲಿನ್ ಕಿವಿ ಕೆಂಪಾಯಿತು. ಆದರೆ ಗಿರಾಕಿ ಗಿರಾಕಿಯೇ. ಬೆರಳುಗಳು ತಾವಾಗಿ ಕೀಲಿಗಳ ಮೇಲೆ ಕೂತವು. "ಹುಡುಗಿ ಏನು ಮಾಡಿದ್ದಾಳೆ?"

"ಒಂದು ಊಟದಂಗಡಿಗೆ ಬೋರ್ಡು ಬರೆದ್ಲು: ‘ನಿನ್ನೆಯ ಸಾರು ಇಲ್ಲಿ ಸಿಗುವುದಿಲ್ಲ.’ ಅವತ್ತಿಂದ ಜೀಪ್ನಿ ಡ್ರೈವರುಗಳೆಲ್ಲ ಅಲ್ಲೇ ಬ್ರೇಕ್ ಹಾಕ್ತಾರೆ. ಪಾಪ, ಆ ಅಂಗಡಿಯವಳಿಗೆ ನಿನ್ನೆಯ ಸಾರು ಬಿಸಿ ಮಾಡೋ ಭಾಗ್ಯವೇ ತಪ್ಪಿಹೋಯ್ತು!"

"ಆಮೇಲೆ?"

"ಒಂದು ಮದುವೆ ಬೆಳಿಗ್ಗೆ ಪ್ರೆಸ್ಸಿನವರು ಫ್ಲೆಕ್ಸಲ್ಲಿ ವರನ ಪಕ್ಕ ಬೇರೆ ಹುಡುಗಿ ಫೋಟೊ ಹಾಕಿ ಕಳಿಸಿದ್ರು. ಮದುಮಗಳು ಏಳೋದರೊಳಗೆ ಈ ಹುಡುಗಿ ಹೊಸದು ಮಾಡಿಸಿ ಕಟ್ಟಿಬಿಟ್ಲು. ಮದುಮಗಳಿಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ಹಾಕ್ಬೇಡ ಮತ್ತೆ, ಸಂಸಾರ ಮಾಡ್ಕೊಂಡಿರಲಿ."

ಕಿಟಕಿಯಲ್ಲಿ ಇನ್ನೊಂದು ಮುಖ ಮೂಡಿತು. ತ್ರಿಚಕ್ರ ಓಡಿಸುವ ಕ್ಲೆಮೆಂತೆ. "ನಮ್ಮ ಸ್ಟ್ಯಾಂಡಿನ ಬಾಡಿಗೆ ದರದ ಬೋರ್ಡೂ ಹಾಕು! ಅದು ಬಂದ ಮೇಲೆ ಒಂದು ಜಗಳ ಇಲ್ಲ, ನಂಗಂತೂ ಹೊತ್ತೇ ಹೋಗಲ್ಲ. ಅಲ್ಲಾ, ಎತ್ತರ, ತೂಕ ಹಾಕಿಲ್ವಾ? ಅಂಗಡೀಲಿ ಮಾರೋ ಬಯೋಡೇಟಾ ಹಾಳೇಲಿ ಮೊದಲು ಅದೇ ಕೇಳೋದು."

"ಹುಡುಗೀನ ಏನು ಸಂತೆ ಹಂದಿ ಅಂದ್ಕೊಂಡ್ಯೇನೋ, ತೂಕ ಹಾಕಿ ಮಾರೋದಕ್ಕೆ?" ಪೂರಿಂಗ್ ಗದರಿದಳು.

"ಐದಡಿ ಅಂತಾನಾದ್ರೂ ಹಾಕು. ಚಪ್ಪಲಿ ಸೇರಿಸಿ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಬೆರಳುಗಳು ಮಾತ್ರ ಓಡುತ್ತಿದ್ದವು. "ಕೊನೇದು ಬರಿ," ಎಂದಳು ಪೂರಿಂಗ್. "ಕೆಲಸಕ್ಕೆ ಕೂತ್ರೆ ಈ ಹುಡುಗಿ ಊಟ ಮರೀತಾಳೆ. ಯಾರಾದ್ರೂ ನೆನಪು ಮಾಡ್ಬೇಕು."

ಅಷ್ಟರಲ್ಲಿ ಢಣ್ ಎಂದಿತು ಇಗರ್ಜಿಯ ಗಂಟೆ.

"ಮನಾಂಗ್, ಹೆಸರು, ಹೆಸರು!"

"ನಿಂದೇ ಕಣೇ ಕತ್ತೆ, ಹಾಕು!"

ಕೊನೆಯ ಢಣ್ ಕಿವಿಯಲ್ಲಿ ಇಳಿಯುವ ಮೊದಲೇ ಬಯೋಡೇಟಾ ಹೊರಟುಹೋಯಿತು. ಜೋವೆಲಿನ್ ಉಸಿರು ಬಿಟ್ಟು ಮೊದಲಿನಿಂದ ಓದಿದಳು. ಕೊನೆಗೆ ಬಂದವಳೇ ಕಿರುಚಿದಳು. "ಅಯ್ಯೋ, ಊಟ ಮರೀತಾಳೆ ಅನ್ನೋದೂ ಹೋಗ್ಬಿಡ್ತು!"

ಪೂರಿಂಗ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಕ್ಲೆಮೆಂತೆ ನಗಲೋ ಬೇಡವೋ ಎಂದು ಬಾಯಿ ಅರ್ಧ ತೆರೆದು ನಿಂತ. ಸವಾರಿಗೆ ಕರೆದವರಿಗೆ ‘ಬೇರೆ ಗಾಡಿ ನೋಡಿ’ ಎಂದು ಕೈಯಾಡಿಸಿದನೇ ಹೊರತು ಕಿಟಕಿ ಬಿಟ್ಟು ಕದಲಲಿಲ್ಲ. ಪೂರಿಂಗಳ ಒಲೆಯ ಮೇಲಿನ ಮೀನು ಸೀದ ಮೇಲೆ ಫೋನು ಗುಂಯ್‌ಗುಟ್ಟಿತು.

‘ಸೋಮವಾರ ಬಂದು ದೋಣಿಗಳನ್ನು ನೋಡಿ. ಈ ವರ್ಷದ ಕೆಲಸ ನಿಮ್ಮದು. ಅಂದಿನ ಊಟ ನಮ್ಮದು.’

ಕ್ಲೆಮೆಂತೆ ಓಡಿಹೋಗಿ ಹಾರ್ನ್ ಒತ್ತಿದವನು ಕೈ ತೆಗೆಯಲೇ ಇಲ್ಲ. ಜೋವೆಲಿನ್ ಬರಿಗಾಲಲ್ಲಿ ಕುಣಿದಳು. ಪೂರಿಂಗ್ ಮಾತ್ರ ಮುಖ ಊದಿಸಿಕೊಂಡಳು. "ಊಟ ಅವರದಂತೆ! ಇವಳಿಗೆ ಹಾಗಲಕಾಯಿ ಸೇರಲ್ಲ ಅಂತ ಅವರಿಗೇನು ಗೊತ್ತು?" ಎಂದು ಗೊಣಗುತ್ತಾ ಅಂಗಡಿಗೆ ಹೋದಳು.

ಮರಳಿ ಬಂದಾಗ ಅವಳ ಕೈಯಲ್ಲಿ ಬಾಳೆಲೆಯ ಪೊಟ್ಟಣ ಹಬೆಯಾಡುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಪೂರಿಂಗ್ ಮೇಜಿನ ಮೇಲಿದ್ದ ಹಡಗಿನ ಟಿಕೇಟನ್ನು ನಾಲ್ಕು ಮಡಿಕೆ ಮಡಿಸಿ, ಕೈ ಸುಡದಂತೆ ಪೊಟ್ಟಣದ ಅಡಿಗೆ ಒತ್ತಾಗಿ ಇಟ್ಟು, ಜೋವೆಲಿನ್‌ಳ ಕೈಗಿಟ್ಟಳು.