ಹಿತ್ತಾಳೆಯ ಪಟ್ಟಿ

ಬಂದೂಕಿನ ಕುದುರೆ ಈ ಸಲವೂ ಓರೆಯಾಗಿಯೇ ಬಿತ್ತು. ಉಮಾಪತಿ ಅರವನ್ನು ಮೇಜಿನ ಮೇಲೆ ಕುಕ್ಕಿದ. ಇಪ್ಪತ್ತೆಂಟು ವರ್ಷ ಬಂದೂಕುಗಳ ಜೊತೆ ಏಗಿದವನು ಅವನು. ಇಷ್ಟು ದರಿದ್ರ ಕೆಲಸ ಕಂಡಿರಲಿಲ್ಲ. ನೀರಿನ ಕೊಳವೆಯೇ ನಳಿಗೆಯಂತೆ, ಬಾಗಿಲ ಚಿಲಕವೇ ಕುದುರೆಯಂತೆ. ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಬಂದೂಕಂತೆ ಇದು. ಥೂ.

ಮಾಡಿದವನು ನಾಗಪುರದ ಬಳಿಯ ಕಳಮೇಶ್ವರದ ಕಿತ್ತಳೆ ತೋಟವೊಂದರ ಕಾವಲುಗಾರ, ಶಾಮರಾವ್. ಹಂದಿ ಹೆದರಿಸಲು ಸುಮ್ಮನೆ ಹಿಡಿದು ತಿರುಗುತ್ತಿದ್ದೆ, ಒಂದು ದಿನವೂ ಅದರಿಂದ ಗುಂಡು ಹಾರಿಲ್ಲ ಎಂದು ಪೊಲೀಸರ ಮುಂದೆ ಗೋಗರೆದಿದ್ದ. ಹಾರುತ್ತದೋ ಇಲ್ಲವೋ ಹೇಳಬೇಕಾದವನು ನಾಗಪುರದ ವಿಧಿವಿಜ್ಞಾನ ಪ್ರಯೋಗಾಲಯದ ಉಮಾಪತಿ. ಹಾರಿದರೆ ಶಾಮರಾವ್ ಜೈಲಿಗೆ, ಇಲ್ಲದಿದ್ದರೆ ಮನೆಗೆ.

ಅವನು ಎಲ್ಲಿಗೆ ಹೋದರೆ ಉಮಾಪತಿಗೇನು? ಸೊಟ್ಟಗಿದ್ದದ್ದನ್ನು ಸೊಟ್ಟಗೇ ಬಿಡುವುದು ಅವನ ಜಾಯಮಾನವಲ್ಲ, ಅಷ್ಟೇ. ಅಂಚು ಉಜ್ಜಿದ. ಸಡಿಲವಿದ್ದಲ್ಲಿ ಹಿತ್ತಾಳೆಯ ತೆಳು ಪಟ್ಟಿಯೊಂದನ್ನು ಕೂದಲೆಳೆಯಷ್ಟೂ ಸಂದು ಉಳಿಯದಂತೆ ಕೂರಿಸಿದ.

ಸಹಾಯಕಿ ರಂಜನಿ ಅವನಂತೆಯೇ ಧಾರವಾಡದ ಕಡೆಯವಳು. ತಡೆಯಲಾರದೆ ಹೇಳಿದಳು: "ಸರ್, ಪರೀಕ್ಷಾ ಮಾಡ್ರಿ ಅಂದಾರ, ರಿಪೇರಿ ಮಾಡ್ರಿ ಅಂದಿಲ್ಲ."

"ಇಂಥಾ ಹೊಲಸು ಕೆಲಸ ನೋಡ್ಕೋತ ಕೂಡಾಂವ ನಾ ಅಲ್ಲ. ಗುಂಡು ಹಾರ್ತದ ಅಂತ ಬರಿ, ಸಾಕು."

ಮಧ್ಯಾಹ್ನದ ಪರೀಕ್ಷೆಯಲ್ಲಿ ಬಂದೂಕು ಮೊದಲ ಸಲಕ್ಕೇ ಢಂ ಎಂದಿತು. ವರದಿಯಲ್ಲಿ ಹಿತ್ತಾಳೆಯ ಸುದ್ದಿಯೇ ಇರಲಿಲ್ಲ.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಶಾಮರಾವ್‌ನ ವಕೀಲೆ ನಮಿತಾಳನ್ನು ಕಂಡು ಉಮಾಪತಿಗೆ ನಗು ಬಂತು. ಗಾಂಧಿಬಾಗಿನ ಪೇಟೆಯಲ್ಲಿ ಸೀರೆ ಆರಿಸುವವಳಂತೆ ಬಂದೂಕನ್ನು ಆಚೆ ಈಚೆ ತಿರುವಿ ನೋಡುತ್ತಿದ್ದಳು. ವರದಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬದಲಿಗೆ ಹೊಗಳಿಕೆ. ಈ ಹಿತ್ತಾಳೆಯ ಪಟ್ಟಿ ನೋಡಿ ಸಾಹೇಬರೇ, ನಾಲ್ಕನೇ ಕ್ಲಾಸು ಓದಿದವನ ಕೈಯಲ್ಲಿ ಎಂಥ ಕಸುಬು, ದೊಡ್ಡ ಕಾರ್ಖಾನೆಯವರಿಗೂ ಇದು ಬರಲಿಕ್ಕಿಲ್ಲ ಎಂದಳು. ತನ್ನ ಕಕ್ಷಿದಾರನನ್ನು ತಾನೇ ಜೈಲಿಗೆ ತಳ್ಳುವ ಪೆದ್ದಿ ಎಂದುಕೊಂಡ ಉಮಾಪತಿ.

ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿ ತಲೆದೂಗಿದರು. ಇಂಥ ಕೈ ಇದ್ದೂ ಹಾಳಾದೆಯಲ್ಲಪ್ಪ ಎಂದು ಶಾಮರಾವ್‌ಗೆ ಮರುಕದಿಂದ ಹೇಳಿದರು. ಅವನು ಕೈಮುಗಿದ. ಬಾಗಿಲಲ್ಲಿದ್ದ ಪೊಲೀಸನೂ ಮೆಚ್ಚಿ ಅವನನ್ನೇ ನೋಡಿದ. ಉಮಾಪತಿಗೆ ಮೈಯೆಲ್ಲ ಉರಿದುಹೋಯಿತು. ಚಿಲಕ ಕಿತ್ತು ಬಂದೂಕು ಮಾಡುವ ಈ ಅಡ್ಡಕಸುಬಿಗೆ ಶಹಬ್ಬಾಸ್‌ಗಿರಿಯೇ?

ನಮಿತಾ ಅವನ ಕಡೆ ತಿರುಗಿ ಮೆತ್ತಗೆ ಕೇಳಿದಳು: "ನಿಮ್ಮಿಂದಲೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ, ಅಲ್ಲವೇ?"

"ಇವನ ಕೈಯಲ್ಲಿದ್ದಾಗ ಇದು ಹಾರುತ್ತಲೇ ಇರಲಿಲ್ಲ," ಉಮಾಪತಿ ಕಟಕಟೆ ಗುದ್ದಿ ಹೇಳಿದ, "ಆ ಪಟ್ಟಿ ಕೂರಿಸಿ ಹಾರುವಂತೆ ಮಾಡಿದವನು ನಾನು."