ಅಕ್ಕನ ಕಿಡ್ನಿ

“ನನ್ನ ಕಿಡ್ನೀನ ಏನ್ ಮಾಡ್ದೆ ಕಣೋ?”

ಡಯಾಲಿಸಿಸ್ ಕೋಣೆಯ ಬಾಗಿಲಲ್ಲೇ ನಿಂತು ಅಕ್ಕ ಕೂಗಿದಳು. ‘ಹೇಗಿದ್ದೀಯ’ ಎಂದಿಲ್ಲ, ‘ಏನಾಯಿತು’ ಎಂದಿಲ್ಲ. ಆಚೀಚೆಯ ಕುರ್ಚಿಗಳಲ್ಲಿ ಒರಗಿ ತೂಕಡಿಸುತ್ತಿದ್ದ ರೋಗಿಗಳೆಲ್ಲ ಕಣ್ಣು ಬಿಟ್ಟರು. ಅವಳ ತಮ್ಮ ಬಡಗಿ, ಎದ್ದು ಹೋಗುವಂತಿರಲಿಲ್ಲ. ಎಡಗೈಗೆ ಎರಡು ಸೂಜಿ ಚುಚ್ಚಿದ್ದರು. ಅವನ ರಕ್ತ ಒಂದು ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ ಇನ್ನೊಂದರಲ್ಲಿ ವಾಪಸು ಬರುತ್ತಿತ್ತು. ಅಕ್ಕ ಬಂದಾಗ ಮೆಲ್ಲಗೆ ಜಾರಿಕೊಳ್ಳಲು ಮನೆಯಲ್ಲಾದರೆ ಹಿತ್ತಿಲ ಬಾಗಿಲಿತ್ತು.

ಏಳು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೆಟ್ಟಾಗ ಅಕ್ಕ ತನ್ನದೊಂದನ್ನು ಕೊಟ್ಟಿದ್ದಳು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ಅಕ್ಕ ಕೊಟ್ಟದ್ದು ಹಾಲಿನವನಿಗೂ ತಿಳಿದಿತ್ತು. ಮನೆಗೆ ಬಂದವರಿಗೆಲ್ಲ ಪಕ್ಕೆಯ ಹೊಲಿಗೆ ಗುರುತು ತೋರಿಸುತ್ತಿದ್ದಳು. ತಮ್ಮನ ಮಗಳಿಗೆ ಹೆಸರು ಆರಿಸಿದವಳೂ ಅವಳೇ. “ನನ್ನ ಕಿಡ್ನಿ ಇಲ್ದಿದ್ರೆ ಈ ಮಗು ಎಲ್ಲಿಂದ ಬರ್ತಿತ್ತು?” ಎಂದಾಗ ಬಾಣಂತಿ ತಾನು ಯೋಚಿಸಿಟ್ಟಿದ್ದ ಹೆಸರನ್ನು ನುಂಗಿಕೊಂಡಳು. ಮರದ ಪುಡಿ ತನ್ನ ಕಿಡ್ನಿಗೆ ಆಗದು ಎಂದು ಬಡಗಿಯ ಶೆಡ್ಡಿಗೆ ಬೀಗ ಹಾಕಿಸಿ, ಭಾವನ ಪೇಂಟ್ ಅಂಗಡಿಯ ಗಲ್ಲಾದಲ್ಲಿ ಕೂರಿಸಿದಳು. ಅವನ ಉಳಿ, ಗರಗಸ ಮಂಚದಡಿ ತುಕ್ಕು ಹಿಡಿದವು. ಇನ್ನು ಊಟಕ್ಕೆ ಕೂತರಂತೂ ಮುಗಿಯಿತು. ಅಕ್ಕ ಅವನ ತಟ್ಟೆಗೆ ಬೆರಳಿಟ್ಟು, ನಾಲಿಗೆಗೆ ಹಚ್ಚಿಕೊಂಡು, ಉಪ್ಪು ನೋಡಿ ತಲೆಯಾಡಿಸುವ ತನಕ ಅವನು ತುತ್ತು ಎತ್ತುವಂತಿರಲಿಲ್ಲ. ಹಂಗಿಗೂ ಒಂದು ಮಿತಿ ಬೇಡವೇ? ಮೊನ್ನೆ ಆ ಕಿಡ್ನಿ ಕೈಕೊಟ್ಟಿತೆಂದು ತಿಳಿದಾಗ ಅವನು ಮೊದಲು ಹೆದರಿದ್ದು ಸಾವಿಗಲ್ಲ, ಅಕ್ಕನಿಗೆ.

“ಯಾರ ತಪ್ಪೂ ಅಲ್ಲಮ್ಮಾ,” ಎಂದರು ಯಂತ್ರ ನೋಡಲು ಬಂದ ಡಾಕ್ಟರು. “ಔಷಧಿ ಎಲ್ಲ ಸರಿಯಾಗೇ ತಗೊಂಡಿದ್ದಾರೆ. ಬೇರೆಯವರ ಅಂಗಾನ ಮೈ ಎಷ್ಟು ವರ್ಷ ಆದ್ರೂ ತನ್ನದು ಅಂತ ಒಪ್ಪದೇ ಇರೋದುಂಟು.”

“ನಾನು ಬೇರೆಯವಳಾ? ಒಡಹುಟ್ಟಿದೋಳು ನಾನು! ಕದ್ದುಮುಚ್ಚಿ ಏನೇನು ತಿಂದನೋ ಯಾರಿಗೆ ಗೊತ್ತು?” ಅಕ್ಕ ಸ್ಟೂಲು ಎಳೆದು ಕೂತು, ಅವನ ಹೆಂಡತಿ ಕಳಿಸಿದ್ದ ಊಟದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. “ಇದರ ಜೋಡಿ ನನ್ನೊಳಗೆ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಚಿನ್ನದಂಥ ಕಿಡ್ನಿ ಕೊಟ್ಟಿದ್ದೆ, ಮಣ್ಣುಪಾಲು ಮಾಡ್ದೆ.”

ಬಡಗಿಯ ಮೈಯೆಲ್ಲ ಉರಿಯಿತು. ಸಾಯುವವನು ತಾನು, ಕಳೆದುಕೊಂಡವಳು ಇವಳು!

“ಕೊಟ್ಟ ದಿನಾನೇ ಅದು ನಂದಾಯ್ತು ಅಂದ್ಕೊಂಡಿದ್ದೆ ಅಕ್ಕ.”

“ಕೊಡೋವಾಗ ನಾನೇನಾದ್ರೂ ಕೇಳಿದ್ನಾ? ಒಂದು ಬಿಡಿಗಾಸು ಕೇಳಿದ್ನಾ? ಆಪರೇಷನ್‌ಗೆ ಒಳಗೆ ಹೋಗುವಾಗ ಕೈಕಾಲು ನಡುಗ್ತಿತ್ತು ಕಣೋ, ಮಕ್ಕಳ ಮುಖ ಮತ್ತೆ ನೋಡ್ತೀನೋ ಇಲ್ವೋ ಅಂತ. ಆದ್ರೂ ಹೋದೆ.”

ಅದು ಸುಳ್ಳಲ್ಲ. ಆವತ್ತು ಆ ನಡುಗುವ ಕೈಯನ್ನು ಹಿಡಿದುಕೊಂಡಿದ್ದವನು ಅವನೇ. ಸುಳ್ಳಾಗಿದ್ದರೆ ಎಂದೋ ಜಗಳವಾಡಿ ಹಗುರಾಗಿಬಿಡುತ್ತಿದ್ದ. ನಿಜವಾಗಿದ್ದಕ್ಕೇ ಅವನಿಗೆ ಇಷ್ಟು ಸಿಟ್ಟು.

“ಕೊಡೋವಾಗ ನೀನು ಏನೂ ಕೇಳ್ಲಿಲ್ಲ,” ಎಂದ ಹಲ್ಲು ಕಚ್ಚಿ. “ಆಮೇಲೆ ಕೇಳೋದನ್ನ ನಿಲ್ಲಿಸ್ಲೇ ಇಲ್ಲ.”

ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಡಾಕ್ಟರ ಕಡೆ ತಿರುಗಿದಳು. “ನಮ್ಮ ಯಜಮಾನ್ರದ್ದು ತಗೊಳ್ಳಿ ಡಾಕ್ಟ್ರೇ. ಇವನದೇ ರಕ್ತದ ಗುಂಪು.”

“ಅವರು ಒಪ್ಪಿದ್ದಾರಾ?”

“ನಾನು ಹೇಳಿದ್ಮೇಲೆ ಒಪ್ಪದೆ ಏನ್ಮಾಡ್ತಾರೆ?”

ಪಕ್ಕದ ಕುರ್ಚಿಯ ಮುದುಕ ಕಿಸಕ್ಕೆಂದು ನಕ್ಕು, ಅಕ್ಕ ನೋಡಿದ ಕೂಡಲೇ ಕೆಮ್ಮಿದ. ಬಡಗಿಗೆ ನಗು ಬರಲಿಲ್ಲ.

“ಬೇಡ. ಬೇರೆ ದಾರಿ ಇಲ್ವಾ ಡಾಕ್ಟ್ರೇ?”

“ತೀರಿಹೋದವರದ್ದು ಸಿಗಬಹುದು. ಆದ್ರೆ ಸರದಿ ಕಾಯಬೇಕು, ವರ್ಷಗಟ್ಟಲೆ. ಎಷ್ಟೋ ಜನ ಕಾಯ್ತಾ ಕಾಯ್ತಾನೇ...” ಡಾಕ್ಟರು ಮಾತು ನುಂಗಿದರು. “ಮನೆಯವರು ಕೊಡೋಕೆ ಸಿದ್ಧ ಇದ್ರೆ ಅದೇ ಒಳ್ಳೇದು. ಯೋಚನೆ ಮಾಡಿ.”

“ತೀರಿಹೋದವರು ಯಾರು ಅಂತ ನಂಗೆ ಗೊತ್ತಾಗುತ್ತಾ?”

“ಇಲ್ಲ. ಅವರ ಮನೆಯವರಿಗೂ ನೀವು ಯಾರು ಅಂತ ಹೇಳಲ್ಲ.”

“ಹಾಗಾದ್ರೆ ಸರದೀಲಿ ನನ್ನ ಹೆಸರು ಸೇರಿಸಿ.”

ಅಕ್ಕ ಡಬ್ಬಿಯ ಮುಚ್ಚಳವನ್ನು ಕಿತ್ತಂತೆ ತೆಗೆದಳು. “ತಲೆ ಕೆಟ್ಟಿದೆಯೇನೋ ನಿಂಗೆ? ಅದು ಸಿಗೋ ಹೊತ್ತಿಗೆ ನೀನೇ ಇರಲ್ಲ! ಗುರುತು ಪರಿಚಯ ಇಲ್ಲದ ಹೆಣದ ಕಿಡ್ನಿ ಆಗುತ್ತೆ, ನಿನ್ನ ಭಾವಂದು ಆಗಲ್ವಾ?”

“ಸತ್ತೋರು ತಟ್ಟೆಗೆ ಬೆರಳಿಟ್ಟು ಉಪ್ಪು ನೋಡಲ್ಲ, ಅಕ್ಕ.”

ಅಕ್ಕ ತನ್ನ ಮಡಿಲ ಕಡೆ ನೋಡಿಕೊಂಡಳು. ಅವಳ ಬೆರಳು ಡಬ್ಬಿಯೊಳಗಿತ್ತು.